ಹಳದಿ ಚೀಲದ ಬಟ್ಟೆಗಳು

ಫೆಬ್ರವರಿ ೧೧, ಮಂಗಳವಾರ

ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ಇವತ್ತೂ ಮನೆಗೆ ವಾಪಸು ಓಡಿದೆ. ಆರಿಸಿದ್ದೆ. ಯಾವತ್ತೂ ಆರಿಸಿಯೇ ಇರುತ್ತೇನೆ. ಆದರೆ ಹಾಗೆ ಹೋಗಿದ್ದರಿಂದ ಇನ್ನೊಂದು ಕಣ್ಣಿಗೆ ಬಿತ್ತು. ಮಗನ ಹೆಂಡತಿ ಬಾಗಿಲಿಗೆ ಬೆನ್ನು ಮಾಡಿ ನಿಂತು ಏನೋ ಬಾಯಿಗೆ ಹಾಕಿಕೊಂಡು ನೀರು ಕುಡಿಯುತ್ತಿದ್ದಳು. ನನ್ನನ್ನು ನೋಡಿ ನೆತ್ತಿಗೇರಿ ಕೆಮ್ಮಿದಳು.

"ಏನೇ ಅದು?"

"ತಲೆನೋವಿನ ಮಾತ್ರೆ ಅತ್ತೆ."

ತಲೆನೋವಿನ ಮಾತ್ರೆ ನುಂಗುವುದಕ್ಕೆ ಯಾರಾದರೂ ಗೋಡೆ ಕಡೆ ತಿರುಗುತ್ತಾರೆಯೇ? ಅವಳು ಕಾಲುಚೀಲದ ಕಾರ್ಖಾನೆಗೆ ಹೋದಮೇಲೆ ಹುಡುಕಿದೆ. ಹುಡುಕಬಾರದು ಅಂತ ಗೊತ್ತು. ಆದರೆ ಹುಡುಕದಿದ್ದರೆ ದಿನವೆಲ್ಲ ಅದೇ ಕೊರೆಯುತ್ತದೆ, ನನ್ನ ತಲೆ ನನಗೆ ಗೊತ್ತಿಲ್ಲವೇ. ಸ್ವೆಟರಿನ ತೋಳಿನೊಳಗೆ ಒಂದು ಬಿಳಿ ಬಾಟಲಿ. ಅಲ್ಲಾಡಿಸಿದರೆ ಸದ್ದಾಗಬಾರದೆಂದು ಒಳಗೆ ಹತ್ತಿ ತುರುಕಿದ್ದಳು. ಹತ್ತಿ ತುರುಕುವಷ್ಟು ಗುಟ್ಟಿನ ತಲೆನೋವು!

ಆರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಇಂಗ್ಲಿಷ್ ಅಕ್ಷರ ಕೂಡಿಸಿ ಓದಬಲ್ಲೆ, ಅರ್ಥ ಆಗುವುದಿಲ್ಲ. ಬಾಟಲಿಯನ್ನೇ ಮೆಡಿಕಲ್ ಅಂಗಡಿಗೆ ಒಯ್ದೆ. ಅಂಗಡಿಯವನು ಹಿಂದೆ ಮುಂದೆ ನೋಡಿ ಮೆಲ್ಲಗೆ ಕೇಳಿದ.

"ಯಾರದಮ್ಮ ಇದು?"

"ನಮ್ಮ ಕೆಲಸದವರೊಬ್ಬರದು."

"ಎಚ್‌ಐವಿ ಇರೋರಿಗೆ ಕೊಡೋ ಔಷಧಿ ಇದು. ನೀವು ಕೈಯಲ್ಲಿ ಹಿಡ್ಕೊಂಡು ಓಡಾಡ್ಬೇಡಿ."

ಬಾಟಲಿ ಇದ್ದಲ್ಲೇ ಇಟ್ಟೆ. ಕೈ ತೊಳೆದೆ. ಮತ್ತೆ ತೊಳೆದೆ. ತಲೆಯಲ್ಲಿ ಓಡುವುದನ್ನೆಲ್ಲ ಬರೆದಿಡು, ಇಲ್ಲದಿದ್ದರೆ ಕೇಳಿ ಕೇಳಿ ನನ್ನ ಕಿವಿ ತೂತಾಗುತ್ತದೆ ಎಂದು ಕೆಲಸದ ಜೊತೆಗಾತಿ ಗುಂಡಕ್ಕ ಈ ಡೈರಿ ಕೊಟ್ಟಿದ್ದಳು. ಇದನ್ನು ಗುಂಡಕ್ಕನಿಗೂ ಹೇಳುವ ಹಾಗಿಲ್ಲ. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಪಾಪ, ನನ್ನ ಮಗ. ಎಂಥವಳನ್ನು ತಂದುಬಿಟ್ಟೆ.

ಫೆಬ್ರವರಿ ೧೩, ಗುರುವಾರ

ನಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಒಂದು ಕಟ್ಟುನಿಟ್ಟು ಇದೆ. ಸಾಮಾನ್ಯ ವಾರ್ಡಿನ ಹಾಸಿಗೆ ಬಟ್ಟೆ ಬಿಳಿ ಚೀಲದಲ್ಲಿ ಬರುತ್ತದೆ. ರಕ್ತ ಕೀವು ತಾಗಿದ್ದು ಹಳದಿ ಚೀಲದಲ್ಲಿ. ಹಳದಿ ಚೀಲವನ್ನು ಬರಿಗೈಯಲ್ಲಿ ಮುಟ್ಟುವುದಿಲ್ಲ, ಬಿಳಿಯದರ ಪಕ್ಕ ಇಡುವುದಿಲ್ಲ, ಬ್ಲೀಚು ಹಾಕಿದ ಕುದಿನೀರಿಗೇ ಮೊದಲು ಇಳಿಸುತ್ತೇವೆ. ಇಷ್ಟು ವರ್ಷ ಮಾಡಿ ಅದು ನನ್ನ ಕೈಗೇ ಅಂಟಿದೆ. ಮನೆಯಲ್ಲೂ ಹಾಗೆಯೇ ಮಾಡಿದೆ. ಕೆಲಸದಿಂದ ಒಂದು ಖಾಲಿ ಹಳದಿ ಚೀಲ ತಂದು ಬಚ್ಚಲಿನ ಮೂಲೆಯಲ್ಲಿಟ್ಟು ಅವಳ ಬಟ್ಟೆಯನ್ನೆಲ್ಲ ಅದಕ್ಕೆ ಹಾಕಿದೆ. ಅವಳ ತಟ್ಟೆ, ಲೋಟ ಬೇರೆ.

ಸಂಜೆ ಬಂದು ನೋಡಿದಳು. ಕೆಂಪು ಅಂಗಿಯ ಮೇಲೆಲ್ಲ ಬ್ಲೀಚಿನ ಬಿಳಿ ಮಚ್ಚೆ.

"ಅತ್ತೆ, ಇದು ಹೊಸದು."

"ಕೆಲಸದ ಅಭ್ಯಾಸ, ಮರೆತು ಹಾಕ್ಬಿಟ್ಟೆ."

ಹಳದಿ ಚೀಲ ನೋಡಿದಳು. ತಟ್ಟೆ ನೋಡಿದಳು. ಅಂಗಿ ಮಡಚಿಕೊಂಡು ಒಳಗೆ ಹೋದಳು. ತಪ್ಪಿಲ್ಲದವಳಾಗಿದ್ದರೆ ಜಗಳಕ್ಕೆ ಬರುತ್ತಿದ್ದಳಲ್ಲವೇ?

ಫೆಬ್ರವರಿ ೧೮, ಮಂಗಳವಾರ

ಮಗ ಭಾನುವಾರ ರಜೆಗೆ ಬಂದ. ಫೋನಿನ ಟವರುಗಳಿಗೆ ಬಣ್ಣ ಹೊಡೆಯುವ ಕೆಲಸ ಅವನದು. ತಿಂಗಳುಗಟ್ಟಲೆ ಊರೂರು. ಅಷ್ಟು ಎತ್ತರದಲ್ಲಿ ಹಗ್ಗ ಕಟ್ಟಿಕೊಂಡು ನೇತಾಡುತ್ತಾನೆ, ಗಾಳಿ ಬೀಸಿದ ದಿನ ನನಗೆ ಅನ್ನ ಇಳಿಯುವುದಿಲ್ಲ. ಅವನಿಗೆ ಮಾತ್ರ ಯಾವ ಭಯವೂ ಇಲ್ಲ. ಇವತ್ತು ಬೆಳಿಗ್ಗೆ ಅವಳು ಕಾರ್ಖಾನೆಗೆ ಹೋದಮೇಲೆ ಎಲ್ಲ ಹೇಳಿದೆ. ಅವನನ್ನು ಉಳಿಸಿಕೊಳ್ಳಬೇಕಲ್ಲ.

ಸಂಜೆ ರಾದ್ಧಾಂತ. ಅವಳು ಗೋಡೆಗೆ ಒರಗಿ ನಿಂತು ಹೇಳಿದಳು, "ನನಗೇನೂ ಇಲ್ಲ. ಇದು ಬರದೇ ಇರ್ಲಿ ಅಂತ ತಗೊಳ್ಳೋದು. ಕಾರ್ಖಾನೆ ಹತ್ರ ಇರೋ ಕ್ಲಿನಿಕ್ಕಲ್ಲಿ ಕೊಟ್ರು. ಗಂಡ ಹೊರಗೂರಲ್ಲಿರೋ ಹುಡುಗೀರು ಸುಮಾರು ಜನ ತಗೊಳ್ತಾರೆ. ರೀ, ನಿಮ್ಮನ್ನೂ ಒಂದ್ಸಲ ಕರ್ಕೊಂಡ್ ಬಾ ಅಂದಿದ್ರು. ಹೇಗೆ ಕೇಳೋದು ಅಂತ ಗೊತ್ತಾಗ್ಲಿಲ್ಲ."

ಬರದಿರಲಿ ಎಂದು ನುಂಗುವ ಮಾತ್ರೆಯಂತೆ! ಕೇಳಿದ್ದೇನೆಯೇ ಎಲ್ಲಾದರೂ? ನಾನು ನಂಬಲಿಲ್ಲ. ಆಶ್ಚರ್ಯವೆಂದರೆ ಅವನು ನಂಬಿದ. ನಂಬಿದ್ದಕ್ಕೇ ಸಿಟ್ಟು ಬಂತು.

"ಅಂದ್ರೆ ನಾನು ಕಂಡಕಂಡಲ್ಲಿ ಬಿದ್ದು ಬರ್ತೀನಿ ಅಂತ ತಾನೆ? ದಿನಾ ಒಂದೊಂದು ನುಂಗಿ ಅದನ್ನೇ ಅಂದ್ಕೊಳ್ತೀಯಾ?"

ಬಾಟಲಿಯನ್ನು ಬಚ್ಚಲಿಗೆ ಬಗ್ಗಿಸಿ ನೀರು ಬಿಟ್ಟ. ಅವಳು ತಡೆಯಲಿಲ್ಲ.

ಫೆಬ್ರವರಿ ೨೭, ಗುರುವಾರ

ಮಗ ಕೆಲಸಕ್ಕೆ ಹೋದ. ದೂರ ಇರು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಎರಡು ದಿನ ಮುನಿಸು, ಆಮೇಲೆ ರಾಜಿ, ಬಾಗಿಲು ಹಾಕಿಕೊಂಡರು. ಹೋಗುವಾಗ, "ಮಾತ್ರೆ ಗೀತ್ರೆ ಇನ್ನಿಲ್ಲ ಅಂತ ಒಪ್ಪಿಸಿದೀನಮ್ಮ, ಇನ್ನು ನೀನೂ ಸುಮ್ನಿರು" ಎಂದ.

ಸುಮ್ಮನಿರುವುದು ಹೇಗೆ? ಅವಳಿಂದ ನನ್ನ ಕೂಸಿಗೆ ಅಂಟಿಬಿಟ್ಟಿದ್ದರೆ? ಆ ಕ್ಲಿನಿಕ್ಕಿನವರನ್ನೇ ಹೋಗಿ ಹಿಡಿಯುತ್ತೇನೆ. ಅವನಿಗೆ ಏನಾದರೂ ಚುಚ್ಚುಮದ್ದು ಇದ್ದರೆ ಕೊಡಲಿ.

ಮಾರ್ಚ್ ೪, ಮಂಗಳವಾರ

ಇವತ್ತು ಆ ಕ್ಲಿನಿಕ್ಕಿಗೆ ಹೋಗಿದ್ದೆ.

ಕ್ಲಿನಿಕ್ ಎಂದರೆ ಕಾರ್ಖಾನೆಯ ಗೇಟಿನ ಎದುರು ಎರಡು ಕೋಣೆ. ನರ್ಸ್ ನನ್ನ ವಯಸ್ಸಿನವಳೇ. ನಾನು ಕೂಗಾಡಿದ್ದನ್ನೆಲ್ಲ ಕೇಳಿಸಿಕೊಂಡು, ಯಾರ ವಿಷಯವನ್ನೂ ಇನ್ನೊಬ್ಬರಿಗೆ ಹೇಳುವ ಹಾಗಿಲ್ಲ ಎಂದಳು. ಊಟದ ಹೊತ್ತಿಗೆ ಸೊಸೆಯನ್ನೇ ಕರೆಸಿದಳು. "ನಿಮ್ಮತ್ತೆಗೆ ಹೇಳ್ಲಾ?" ಎಂದು ಕೇಳಿದಳು. ಸೊಸೆ ಹೂಂ ಎಂದು ತಲೆ ಆಡಿಸಿದಳು.

"ಇವಳಿಗೆ ಏನೂ ಇರಲಿಲ್ಲ ಕಣಮ್ಮ. ಪರೀಕ್ಷೆ ಮಾಡಿ, ಇಲ್ಲ ಅಂತ ಖಾತ್ರಿ ಆದ್ಮೇಲೇ ಈ ಮಾತ್ರೆ ಕೊಡೋದು. ಕಾಯಿಲೆ ಇರೋರಿಗೂ ಇದನ್ನ ಬೇರೆ ಮಾತ್ರೆ ಜೊತೆ ಕೊಡ್ತಾರೆ, ಅದಕ್ಕೇ ಅಂಗಡಿಯವನು ಹಾಗಂದ. ಹೆಲ್ಮೆಟ್ ಹಾಕ್ಕೊಂಡೋರನ್ನ ನೋಡಿ ತಲೆ ಒಡೆದಿದೆ ಅಂದ ಹಾಗಾಯ್ತು ನೀವು ಮಾಡಿದ್ದು."

"ಮತ್ತೆ ನನ್ನ ಮಗನಿಗೆ?"

"ಪರೀಕ್ಷೆ ಆಗ್ಬೇಕಾಗಿರೋದೇ ನಿಮ್ಮ ಮಗನಿಗೆ. ಅವ್ರು ಯಾವತ್ತಾದ್ರೂ ಮಾಡಿಸಿದ್ದಾರಾ?"

ಆಮೇಲೆ ಸೊಸೆಯನ್ನು ಕೇಳಿದಳು, ಮಾತ್ರೆ ನಿಂತಮೇಲೆ ಗಂಡನ ಜೊತೆ ಇದ್ದೆಯಾ ಎಂದು. ಅವಳು ನೆಲ ನೋಡಿದಳು. ಮೂರು ದಿನದ ಒಳಗೆ ಓಡಿ ಬಂದಿದ್ದರೆ ಬೇರೆ ಔಷಧ ಇತ್ತಂತೆ. ಈಗ ಆ ಹೊತ್ತು ದಾಟಿದೆ. ರಕ್ತ ತೆಗೆದರು. ಇವತ್ತಿಗೆ ಏನೂ ಇಲ್ಲ, ಆದರೆ ಇಷ್ಟು ಬೇಗ ಗೊತ್ತಾಗುವುದಿಲ್ಲ, ಮುಂದಿನ ತಿಂಗಳು ಮತ್ತೆ ನೋಡಬೇಕು, ಅಲ್ಲಿಯ ತನಕ ಆ ಮಾತ್ರೆ ಮತ್ತೆ ಕೊಡುವ ಹಾಗೂ ಇಲ್ಲ, ಗಂಡ ಹತ್ತಿರ ಬಂದರೆ ಇದಿಲ್ಲದೆ ಬೇಡ ಎಂದು ಕಾಂಡೋಮಿನ ಪೊಟ್ಟಣ ಕೊಟ್ಟಳು. ಅವಳು ತೆಗೆದುಕೊಳ್ಳಲಿಲ್ಲ. ಅವನು ಒಪ್ಪುವುದಿಲ್ಲವಂತೆ. ನಾನು ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡೆ.

ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಬಂದೆವು. ಮನೆಗೆ ಬಂದವಳೇ ಹಳದಿ ಚೀಲ ಹರಿದು ಬಿಸಾಡಿದೆ. ಹೀಗಾಗುತ್ತದೆ ಎಂದು ಯಾರಿಗೆ ಗೊತ್ತಿತ್ತು? ಅಂಗಡಿಯವನು ಸರಿಯಾಗಿ ಹೇಳಬೇಕಿತ್ತು.

ಮಾರ್ಚ್ ೧೦, ಸೋಮವಾರ

ಸೊಸೆಗೆ ಜ್ವರ. ಗಂಟಲು ನೋವು, ಮೈಮೇಲೆ ಸಣ್ಣ ಗುಳ್ಳೆ. ನೆಗಡಿಯ ಜ್ವರ ಎಲ್ಲರಿಗೂ ಬರುವ ಕಾಲ. ಗುಂಡಕ್ಕನ ಮೊಮ್ಮಗನಿಗೂ ಬಂದಿದೆ. ಅದೇ ಇರಬೇಕು. ಗಂಜಿ ಮಾಡಿಕೊಟ್ಟೆ. ನನ್ನ ಲೋಟದಲ್ಲೇ ನೀರು ಕುಡಿಸಿದೆ.

ಅದೇ ಇರಬೇಕು.

ಮಾರ್ಚ್ ೧೫, ಶನಿವಾರ

ಜ್ವರ ಬಿಟ್ಟಿದೆ.

ಮಗನಿಗೆ ಫೋನ್ ಮಾಡಿ ಪರೀಕ್ಷೆಯ ಮಾತೆತ್ತಿದರೆ "ಸಿಗ್ನಲ್ ಇಲ್ಲಮ್ಮ" ಅನ್ನುತ್ತಾನೆ. ಫೋನಿನ ಟವರಿನ ಮೇಲೆ ಕೂತುಕೊಂಡು!

ಕ್ಲಿನಿಕ್ಕಿನಲ್ಲಿ ಒಬ್ಬರು ಇದ್ದಾರೆ, ಹಿಂದೆ ಬಸ್ ಕಂಡಕ್ಟರ್ ಆಗಿದ್ದವರು. ಗಂಡಸರು ತಾವಾಗಿ ಆಸ್ಪತ್ರೆಗೆ ಬರುವುದಿಲ್ಲ ಎಂದು ಅವರಿರುವ ಕಡೆ, ಟೀ ಅಂಗಡಿ, ಗ್ಯಾರೇಜು, ಕ್ಷೌರದಂಗಡಿಗೆ ಹೋಗಿ ಮಾತಾಡಿಸುತ್ತಾರೆ. ನನ್ನ ಮಗನ ವಿಷಯ ಹೇಳಿ ಗಳಗಳ ಅತ್ತೆ. ಅವರು ನಕ್ಕುಬಿಟ್ಟರು.

"ಟಿಕೆಟ್ ಟಿಕೆಟ್ ಅಂತ ಬಂದ್ರೆ ಸಾಕು, ಎಷ್ಟೋ ಗಂಡಸರು ಕಿಟಕಿ ಆಚೆ ನೋಡ್ತಾ ಕೂರ್ತಿದ್ರು. ಜೇಬಲ್ಲಿ ಕಾಸಿಲ್ಲ ಅಂತಲ್ಲಮ್ಮ, ಕೇಳಿದ್ದೇ ಅವಮಾನ. ಇದೂ ಹಾಗೇ. ನಾವೇನು ಬಸ್ಸಿಂದ ಇಳಿಸ್ತಿದ್ವಾ? ಪಕ್ಕದಲ್ಲಿ ನಿಂತಿರ್ತಿದ್ವಿ, ತಾನೇ ತಿರುಗೋ ತನಕ."

"ಅಷ್ಟರಲ್ಲಿ ಅವನ ಸ್ಟಾಪು ಬಂದುಬಿಟ್ರೆ?" ಎಂದೆ.

ಅವರು ನಗು ನಿಲ್ಲಿಸಿದರು.

ಮಾರ್ಚ್ ೨೩, ಭಾನುವಾರ

ಸೊಸೆಯ ಗಂಡ ಮೊನ್ನೆ ಶುಕ್ರವಾರ ರಜೆಗೆ ಬಂದ. ಕಂಡಕ್ಟರು ಟೀ ಅಂಗಡಿಯಲ್ಲಿ ಮಾತಾಡಿಸಿದರೆ ಅರ್ಧ ಲೋಟ ಟೀ ಬಿಟ್ಟು ಎದ್ದು ಬಂದನಂತೆ. ಪೊಟ್ಟಣವನ್ನು ಇಸ್ತ್ರಿ ಮಾಡಿದ ಅವನ ಅಂಗಿಯ ಜೇಬಿಗೆ ನಾನೇ ಹಾಕಿಟ್ಟಿದ್ದೆ. ತೆಗೆದು ನನ್ನ ಮುಂದೆ ಹಿಡಿದ.

"ಅಮ್ಮಾ, ಏನಿದು?"

"ಜೇಬಲ್ಲಿತ್ತಾ? ನಿಂದೇ ಇರ್ಬೇಕು."

ಕಸದ ಡಬ್ಬಿಗೆ ಎಸೆದ.

ಸರಿ, ಇನ್ನೇನು ಮಾಡಲಿ? ಎದೆ ಡವಡವ ಅನ್ನುತ್ತಿದೆ, ಒಬ್ಬಳೇ ಮಲಗಿದರೆ ಸತ್ತೇಹೋಗುತ್ತೇನೆ ಎಂದು ಗೋಳಾಡಿ, ನಮ್ಮ ಹುಡುಗಿಯನ್ನು ಅವನ ಕೋಣೆಗೆ ಬಿಡದೆ ನನ್ನ ಪಕ್ಕ ಮಲಗಿಸಿಕೊಂಡೆ. ಎದೆ ಡವಡವ ಅನ್ನುತ್ತಿದ್ದದ್ದು ನಿಜ. ನಿನ್ನೆಯೂ ಹಾಗೆಯೇ. ಇವತ್ತು ಬೆಳಿಗ್ಗೆ ಅವನು ಬಾಗಿಲಲ್ಲಿ ನಿಂತು, "ಇದ್ಯಾವ ನಾಟಕ? ಅಕ್ಕಪಕ್ಕದವರು ನಗ್ತಿದಾರೆ" ಎಂದ. ನಗುತ್ತಿರುವುದು ಹೌದು. ಗಂಡ ಹೆಂಡತಿಯನ್ನು ಬೇರೆ ಮಾಡುವ ಅತ್ತೆ ಎಂದು ಎದುರು ಮನೆಯವಳು ನನಗೆ ಕೇಳಿಸುವ ಹಾಗೆಯೇ ಅಂದಳು. ಅನ್ನಲಿ.

ಮಾರ್ಚ್ ೨೫, ಮಂಗಳವಾರ

ಮಹಡಿಯ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ. ಹೋಗಿ ಪಕ್ಕದಲ್ಲಿ ಕೂತೆ. ಇವತ್ತೇನೂ ಕೇಳಲಿಲ್ಲ. ಅವನೇ ಬಾಯಿ ಬಿಟ್ಟ.

ಟವರಿನ ಕೆಲಸದಲ್ಲಿ ಮೂವರು ಯಾವಾಗಲೂ ಜೊತೆ. ಇವನು, ಕುಳ್ಳ ಅಂತ ಒಬ್ಬ, ಹಗ್ಗ ಹಿಡಿಯುತ್ತಿದ್ದ ಇನ್ನೊಬ್ಬ. ಹಗ್ಗ ಹಿಡಿಯುತ್ತಿದ್ದವನು ಹೋದ ವರ್ಷ ಸತ್ತ. ಕ್ಷಯ ಅಂತ ಇವನು ನನಗೆ ಹೇಳಿದ್ದ. ಬರೀ ಕ್ಷಯ ಅಲ್ಲವಂತೆ, ಅದರ ಹಿಂದೆ ಈ ಎಚ್‌ಐವಿ ಇತ್ತಂತೆ.

"ಮೂರೂ ಜನ ಒಟ್ಟಿಗೇ ಹೋಗ್ತಿದ್ವಿ ಅಮ್ಮ. ಒಂದೇ ಕಡೆಗೆ."

ಎಲ್ಲಿಗೆ ಎಂದು ನಾನು ಕೇಳಲಿಲ್ಲ.

"ಗೊತ್ತಿಲ್ದೇ ಇರೋ ತನಕ ಇಲ್ಲ ಅಂತಾನೇ ಅಲ್ವಾ?"

"ಗ್ಯಾಸ್ ಸೋರ್ತಿದ್ರೆ ಮೂಗು ಮುಚ್ಕೊಂಡ್ ಕೂತ್ರೆ ಆಯ್ತೇನೋ?"

ಅಷ್ಟೆತ್ತರ ಹತ್ತುವವನು ಮೂರು ಮೆಟ್ಟಿಲು ಇಳಿಯಲು ನನ್ನ ಭುಜ ಹಿಡಿದುಕೊಂಡ. ಕಂಡಕ್ಟರಿಗೆ ಫೋನ್ ಮಾಡಿದೆ, ಆಟೋದಲ್ಲೇ ಬಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಸೂಜಿ ಕಂಡು ಇವನು ಎದ್ದು ನಿಂತಾಗ, "ಮೊದ್ಲು ನಂದು ತಗೊಳ್ರೀ" ಎಂದು ನಾನು ತೋಳು ಚಾಚಿದೆ. ನರ್ಸ್ ನಿಜವಾಗಿಯೂ ಚುಚ್ಚಿದಳು! ಅವನು ನಕ್ಕ. ಎಷ್ಟು ದಿನವಾಗಿತ್ತು ಅವನು ನಕ್ಕು.

ನನಗೆ ಇಲ್ಲ. ಅವನಿಗೆ ಇದೆ.

ಮಾರ್ಚ್ ೨೬, ಬುಧವಾರ

ಅವನೇ ಅವಳಿಗೆ ಹೇಳಿದ. ನಾನು ಹೊರಗೆ ಹೋಗಿ ಬಟ್ಟೆ ಒಣಗಿಸುತ್ತಿದ್ದೆ. ಒಣಗಿದ್ದನ್ನೇ ತೆಗೆದು ಮತ್ತೆ ಹಾಕಿದೆ. ಒಳಗಿನಿಂದ ಅಳುವ ಸದ್ದು ಬಂತು, ಅವನದು. ಅವಳದು ಬರಲಿಲ್ಲ.

ಏಪ್ರಿಲ್ ೮, ಮಂಗಳವಾರ

ನಮ್ಮ ಹುಡುಗಿಗೂ ಇದೆ.

ಏಪ್ರಿಲ್ ೧೦, ಗುರುವಾರ

ನರ್ಸ್ ತುಂಬ ಹೊತ್ತು ಮಾತಾಡಿದಳು. ದಿನಕ್ಕೊಂದು ಮಾತ್ರೆ ತಪ್ಪದೆ ನುಂಗಿದರೆ ಎಲ್ಲರ ಹಾಗೆ ಆಯಸ್ಸು ಇದೆ, ಕೆಲಸ ಮಾಡಬಹುದು, ಆರೋಗ್ಯವಾದ ಮಕ್ಕಳಾಗುತ್ತವೆ. ನಾನು ಹೂಂ ಹೂಂ ಎಂದೆ. ನಮ್ಮ ಹುಡುಗಿ ಒಂದೇ ಪ್ರಶ್ನೆ ಕೇಳಿದಳು.

"ಅವತ್ತು ಆ ಮಾತ್ರೆ ಚೆಲ್ಲದೇ ಇದ್ದಿದ್ರೆ?"

ನರ್ಸ್ ನನ್ನ ಕಡೆ ನೋಡಲಿಲ್ಲ. "ತಪ್ಪದೆ ನುಂಗ್ತಿದ್ದೆ ಅಲ್ವಾ ನೀನು?" ಎಂದಳು.

"ಒಂದು ದಿನಾನೂ ಬಿಟ್ಟಿರ್ಲಿಲ್ಲ."

ನರ್ಸ್ ಹೊಸ ಮಾತ್ರೆಯ ಬಾಟಲಿಯನ್ನು ಅವಳ ಕೈಗಿಟ್ಟಳು.

ಕೆಲಸದಲ್ಲಿ ಇವತ್ತು ಬಿಳಿ ಚೀಲವನ್ನೂ ಹಳದಿ ಚೀಲವನ್ನೂ ಒಂದೇ ಯಂತ್ರಕ್ಕೆ ಸುರಿದುಬಿಟ್ಟೆನಂತೆ. ಗುಂಡಕ್ಕ ಬೈದಳು, ಆಮೇಲೆ ನನ್ನ ಮುಖ ನೋಡಿ ತಾನೇ ಎಲ್ಲವನ್ನೂ ಮತ್ತೆ ಕುದಿನೀರಿಗೆ ಹಾಕಿದಳು.

ಏಪ್ರಿಲ್ ೧೩, ಭಾನುವಾರ

ಅವಳು ಅಕ್ಕನ ಮನೆಗೆ ಹೊರಟಳು. ಸ್ವಲ್ಪ ದಿನ ಅಂತಲೂ ಹೇಳಲಿಲ್ಲ, ಬರುವುದಿಲ್ಲ ಅಂತಲೂ ಹೇಳಲಿಲ್ಲ. ಅಲ್ಲಿಯೂ ಕ್ಲಿನಿಕ್ ಇದೆ, ಔಷಧಿ ಅಲ್ಲಿಯೇ ಸಿಗುವ ಹಾಗೆ ನರ್ಸ್ ಮಾಡಿಕೊಟ್ಟಿದ್ದಾಳೆ. ಅವನು ರಜೆ ಮುಗಿದರೂ ಕೆಲಸಕ್ಕೆ ಹೋಗದೆ ಮೂಲೆಯಲ್ಲಿ ಕೂತವನು, "ತಡೀಮ್ಮ ಅವಳನ್ನ, ನಿನ್ನ ಮಾತು ಕೇಳ್ತಾಳೆ" ಎಂದ. ನಾನು ಅವಳ ಬಟ್ಟೆಗಳನ್ನು ಮಡಚಿ ಚೀಲಕ್ಕೆ ತುಂಬಿದೆ. ದಾರಿಗೆ ಬ್ರೆಡ್ಡು, ಬಾಳೆಹಣ್ಣು, ನೀರು. ಜ್ವರದ ಮಾತ್ರೆ. ಕಿಟಕಿ ಪಕ್ಕ ಕೂರಬೇಡ, ಗಾಳಿ. ನಿದ್ದೆ ಮಾಡಬೇಡ, ಸ್ಟಾಪು ತಪ್ಪುತ್ತದೆ. ಏನೇನೋ ಹೇಳುತ್ತಲೇ ಇದ್ದೆ, ಹೇಳಬೇಕಾದದ್ದೊಂದು ಬಿಟ್ಟು.

ಬಸ್ಸು ಬಂತು. ಕಾಲು ಮೇಲಿಟ್ಟವಳು ತಿರುಗಿದಳು.

"ಆ ಬಾಟ್ಲಿ ಸಿಕ್ಕ ದಿನ ಮೊದ್ಲು ನನ್ನನ್ನ ಕೇಳ್ಬಹುದಿತ್ತಲ್ಲ ಅತ್ತೆ."

ಸಿಟ್ಟಿರಲಿಲ್ಲ ದನಿಯಲ್ಲಿ. ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಸ್ಸು ಹೊರಟ ಮೇಲೂ ಅಲ್ಲೇ ನಿಂತಿದ್ದೆ. ಯಾವುದೋ ಹೆಂಗಸು ಬಂದು, "ನಿಮ್ಮ ಮಗಳಾ? ಗಂಡನ ಮನೆಗಾ?" ಎಂದಳು. ಹೂಂ ಎಂದೆ.

ಏಪ್ರಿಲ್ ೨೦, ಭಾನುವಾರ

ಅವಳಿಂದ ಫೋನಿಲ್ಲ. ಮಾತ್ರೆ ತೆಗೆದುಕೊಂಡಳೋ ಎಂದು ದಿನಾ ಬೆಳಿಗ್ಗೆ ಅವಳ ಅಕ್ಕನನ್ನು ಕೇಳುತ್ತೇನೆ. "ತಗೊಂಡ್ಳಮ್ಮ" ಎಂದು ಆಕೆ ಇಟ್ಟುಬಿಡುತ್ತಾಳೆ.

ಇವನೂ ನುಂಗುತ್ತಿದ್ದಾನೆ. ಕಂಡಕ್ಟರು ದಿನ ಬಿಟ್ಟು ದಿನ ಬಂದು ಸುಮ್ಮನೆ ಕೂತು ಹೋಗುತ್ತಾರೆ. ಅವರು ಹೇಳಿದ್ದೋ, ಇವನಿಗೇ ತೋಚಿದ್ದೋ, ಇವತ್ತು ಕುಳ್ಳನಿಗೆ ಫೋನ್ ಮಾಡಿದ. ಕುಳ್ಳನಿಗೆ ಮುಂದಿನ ತಿಂಗಳು ಮದುವೆ.

"ಮದುವೆಗೆ ಮುಂಚೆ ಒಂದ್ಸಲ ಹೋಗಿ ಬಾರೋ. ನಾನೇ ಜೊತೆಗೆ ಬರ್ತೀನಿ. ನನಗೆ ಬಂದಿದೆ ಕಣೋ, ಸುಳ್ಳಲ್ಲ... ಲೋ, ನಗ್ಬೇಡ್ವೋ, ಆ ಹುಡುಗಿ ಏನ್ ಮಾಡಿದಾಳೆ ಪಾಪ..."

ಆ ಕಡೆಯವನು ಇಟ್ಟುಬಿಟ್ಟ. ಮತ್ತೆ ಮಾಡಿದರೆ ತೆಗೆಯಲಿಲ್ಲ. ಸಂಜೆ ಇನ್ನೊಮ್ಮೆ ಮಾಡಿದ. ಫೋನ್ ಹೋಗುತ್ತಲೇ ಇಲ್ಲ.

ಯಾರೋ ಏನೋ ಆ ಹುಡುಗಿ. ಎಷ್ಟು ವಯಸ್ಸೋ. ಮದುವೆಗೆ ಬಟ್ಟೆ ಹೊಲಿಸಿಕೊಳ್ಳುತ್ತಿರಬೇಕು. ಅನ್ನ ಇಳಿಯುತ್ತಿಲ್ಲ.

ಏಪ್ರಿಲ್ ೨೭, ಭಾನುವಾರ

ಕುಳ್ಳನ ಮನೆ ಎಲ್ಲಿ ಎಂದು ಮಗನನ್ನು ಕೇಳಿದೆ. ಯಾಕೆ ಎಂದ. ಸುಮ್ಮನೆ ಎಂದೆ. ಅವನು ನನ್ನ ಮುಖ ನೋಡಿದ, "ನನ್ನ ವಿಷ್ಯ ಬೇಕಾದ್ರೆ ಹೇಳಮ್ಮ" ಎಂದು ವಿಳಾಸ ಕೊಟ್ಟ.

ಎರಡು ಬಸ್ಸು ಬದಲಾಯಿಸಿ ಹೋದೆ. ಹೋಗುವಾಗೆಲ್ಲ ಹೆದರಿಕೆ. ಬೈದು ಅಟ್ಟಿದರೆ? ಶುಭಕಾರ್ಯ ಕೆಡಿಸಲು ಬಂದವಳು ಎಂದು ಬೀದಿಯವರನ್ನು ಕರೆದರೆ? ಮಗನನ್ನು ಪರೀಕ್ಷೆಗೆ ಕಳಿಸಿ ಎಂದು ತಾಯಿಗೆ ಹೇಳುವುದು ಹೇಗೆ? ಯಾರಾದರೂ ನನ್ನ ಬಾಗಿಲಿಗೆ ಬಂದು ಹಾಗೆ ಹೇಳಿದ್ದರೆ ಪೊರಕೆ ತೆಗೆದುಕೊಳ್ಳುತ್ತಿದ್ದೆ. ಎರಡು ಸಲ ಬಸ್ಸಿಂದ ಇಳಿದುಬಿಡೋಣ ಅನ್ನಿಸಿತು. ಇಳಿಯಲಿಲ್ಲ.

ಮನೆಗೆ ಹೊಸ ಸುಣ್ಣ. ಬಾಗಿಲು ತೆಗೆದವಳು ಅವನ ತಾಯಿಯೇ, ಅದೇ ಗಿಡ್ಡ ದೇಹ. ನನ್ನ ಹಾಗೆಯೇ ಬಟ್ಟೆ ಒಗೆಯುತ್ತಿದ್ದಳೋ ಏನೋ, ಮೊಣಕೈ ತನಕ ನೊರೆ.

"ಯಾರು ಬೇಕಿತ್ತು?"

ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. ನಿಮ್ಮ ಮಗನ ಜೊತೆ ಕೆಲಸ ಮಾಡುವವನ ತಾಯಿ ಎಂದು ಹೇಳಬೇಕೆಂದೇ ಹೋದವಳು ನಾನು.

"ಹುಡುಗಿ ಕಡೆಯವಳು" ಎಂದೆ.

"ಅಯ್ಯೋ, ಬನ್ನಿ ಬನ್ನಿ, ಹೊರಗೇ ನಿಂತಿದೀರಲ್ಲ" ಎಂದು ಆಕೆ ಗಡಿಬಿಡಿಯಲ್ಲಿ ಕೈ ಒರೆಸಿಕೊಂಡು ಕುರ್ಚಿ ಎಳೆದಳು. ನಾನು ಒಳಗೆ ಹೋಗಿ ಕೂತೆ.